ಹರಳೆಣ್ಣೆ ಬೆಳ್ಳಮ್ಮ

ಬೆಳ್ಳಮ್ಮ ಒಳ್ಳೆಯ ಹೆಂಗಸಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಸರಿ. ಸತ್ತವರ ಬಗ್ಗೆ ಬರೆಯಲು ಕುಳಿತವರೆಲ್ಲ ಅವರನ್ನು ಮೀಯಿಸಿ, ಮಡಿ ಉಡಿಸಿ, ಮಣೆಯ ಮೇಲೆ ಕೂರಿಸುತ್ತಾರೆ. ಅದು ನನ್ನಿಂದ ಆಗದು. ಅವಳ ನಾಲಿಗೆ ಕೆಟ್ಟದ್ದು. ಮಳವಳ್ಳಿಯಲ್ಲಿ ನಾನು ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ವರ್ಷಗಳಲ್ಲಿ ಅವಳನ್ನು ಹತ್ತಾರು ಸಲ ಕಂಡಿದ್ದೇನೆ. ಅವಳ ಬಾಯಿಂದ ಒಂದು ಸವಿಮಾತು ಕೇಳಿದ ನೆನಪಿಲ್ಲ. ಆದರೆ ಮಲಗುವ ಮುಂಚಿನ ಒಂದೆರಡು ಗಳಿಗೆಯನ್ನು ತನ್ನ ಕೈಕಾಲಿಗೆಂದು ಎತ್ತಿಟ್ಟುಕೊಂಡು, ಆ ಎರಡು ಗಳಿಗೆಗಾಗಿ ಒಂದು ಊರನ್ನೇ ಎದುರು ಹಾಕಿಕೊಂಡ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ಅವಳ ತೌರು ಕೊಕ್ಕರೆ ಬೆಳ್ಳೂರು. ಮೂವತ್ತೇಳನೆಯ ಇಸವಿಯಲ್ಲಿ, ಮಳವಳ್ಳಿಯಿಂದ ಹಲಗೂರಿಗೆ ಹೋಗುವ ದಾರಿಯ ಒಂದು ಊರಿಗೆ ಅವಳನ್ನು ಕೊಟ್ಟರು. ಆ ಊರಿನ ಹೆಸರು ಬರೆಯುವುದಿಲ್ಲ. ಮನೆತನದವರು ಈಗಲೂ ಅಲ್ಲಿದ್ದಾರೆ. ಗಂಡ ಪುಟ್ಟಮಾದಯ್ಯ, ಎತ್ತಿನಂತೆ ದುಡಿಯುವವನು, ಎತ್ತಿನಷ್ಟೇ ಮಾತಾಡುವವನು. ಮಾವ ಮರಿಸಿದ್ದಯ್ಯ. ಅತ್ತೆ ದೇವಿರಮ್ಮ. ಮನೆ ನಡೆಯುತ್ತಿದ್ದದ್ದು ದೇವಿರಮ್ಮನ ಕಣ್ಣಳತೆಯಲ್ಲಿ.

ಬೆಳ್ಳಮ್ಮನಿಗೆ ಚಿಕ್ಕಂದಿನಿಂದ ಕೈಕಾಲಿಗೆ ಇಸಬು. ಅಂಗೈ ಬಿರಿಯುತ್ತಿತ್ತು, ಹಿಮ್ಮಡಿ ಸೀಳುತ್ತಿತ್ತು. ಮಾಗಿಯ ಚಳಿಯಲ್ಲಿ ಅವಳು ಮುಳ್ಳಿನ ಮೇಲೆ ನಡೆಯುವವಳಂತೆ ಹೆಜ್ಜೆ ಎತ್ತಿಡುತ್ತಿದ್ದಳು; ಮುದ್ದೆ ಕಟ್ಟುವಾಗ ಬಿಸಿ ಹಿಟ್ಟು ಬಿರುಕಿಗೆ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಇರುಳು ನವೆ. ಕೆರೆದು ಕೆರೆದು ಬೆಳಗಾಗುವ ಹೊತ್ತಿಗೆ ಚಾಪೆಯ ಮೇಲೆ ರಕ್ತದ ಗೀರು. ಇಂಥ ಕೈ ಬಂದು ಸೇರಿದ್ದು ರೇಷ್ಮೆ ಹುಳು ಸಾಕುವ ಮನೆಗೆ.

ಆ ಸೀಮೆಯಲ್ಲಿ ಹುಳು ಸಾಕುವ ಮನೆಯೆಂದರೆ, ಹುಳುವಿನ ಮನೆಯಲ್ಲಿ ಮನುಷ್ಯರು ಬಿಡಾರ ಹೂಡಿದಂತೆ. ಪಡಸಾಲೆಯ ತುಂಬ ಬಿದಿರಿನ ತಟ್ಟೆಗಳು, ಒಂದರ ಮೇಲೊಂದು ಅಟ್ಟಣೆ ಕಟ್ಟಿ ಜೋಡಿಸಿದವು. ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವವರೆಗೆ, ಸುಮಾರು ಇಪ್ಪತ್ತೆಂಟು ದಿನ, ಆ ಮನೆಯಲ್ಲಿ ಒಗ್ಗರಣೆ ಇಲ್ಲ, ಮೀನಿಲ್ಲ, ಊದುಬತ್ತಿ ಇಲ್ಲ, ಹೆಂಗಸರ ಮುಡಿಗೆ ಹೂವಿಲ್ಲ, ಕೆನ್ನೆಗೆ ಅರಿಶಿನವಿಲ್ಲ, ತಲೆಗೆ ಎಣ್ಣೆಯಿಲ್ಲ. ಹುಳುವಿಗೆ ವಾಸನೆ ಆಗದು ಎಂಬುದು ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಮೇವು ಹಾಕಿದರೆ ಹುಳು ತಲೆಯೆತ್ತಿ, ಹಸುರು ಕಕ್ಕಿ ಸಾಯುತ್ತದೆ. ದೇವಿರಮ್ಮ ದಿನಕ್ಕೆ ಎಂಟು ಸಲ ಹೊಗೆಸೊಪ್ಪು ಹಾಕುವವಳು. ಹುಳು ಮನೆಗೆ ಬಂದ ದಿನ ತನ್ನ ಎಲೆಚೀಲವನ್ನು ಹಿತ್ತಲ ಹೊಂಗೆಮರಕ್ಕೆ ನೇತುಹಾಕಿದರೆ, ಗೂಡು ಬಿಡಿಸುವವರೆಗೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಇಪ್ಪತ್ತೆಂಟು ದಿನ ಹಲ್ಲು ಕಚ್ಚಿಕೊಂಡಿರುತ್ತಿದ್ದಳು. ಕಚ್ಚಿದ ಹಲ್ಲು ಎಲ್ಲಾದರೂ ಬಿಡಬೇಕಲ್ಲ. ಸೊಸೆಯ ಮೇಲೆ ಬಿಡುತ್ತಿತ್ತು.

ನಲವತ್ತೆರಡರ ಬೇಸಗೆಯಲ್ಲಿ ಬೆಳ್ಳಮ್ಮ ಮಾವನ ಗಾಡಿಯಲ್ಲಿ ಗೂಡಿನ ಮಂಕರಿಗಳ ಜೊತೆ ಮಳವಳ್ಳಿಗೆ ಬಂದಳು. ಯುದ್ಧದ ಕಾಲ. ವಿಮಾನದಿಂದ ಕೆಳಗೆ ಹಾರುವ ಸಿಪಾಯಿಗಳ ಕೊಡೆಗೆ ರೇಷ್ಮೆ ಬೇಕೆಂದು ಗೂಡಿಗೆ ಹಿಂದೆಂದೂ ಇಲ್ಲದ ಗಿರಾಕಿ. ಇಸಾಕ್ ಎಂಬುವನು ಗೂಡು ಕೊಳ್ಳುತ್ತಿದ್ದ. ಅವನ ಹೆಂಡತಿ ಹಾಜಿರಾ ಬೀ ಮನೆಯ ಹಿಂದಿನ ಚಪ್ಪರದಲ್ಲಿ ಚರಕದ ಮುಂದೆ ಕೂತು, ಕುದಿಯುವ ನೀರಿನ ಬಾಣಲೆಯಲ್ಲಿ ಗೂಡು ಹಾಕಿ ನೂಲು ಬಿಚ್ಚುತ್ತಿದ್ದಳು. ಗಂಡಸರು ಮುಂದೆ ತೂಕದ ಜಗಳದಲ್ಲಿದ್ದಾಗ ಬೆಳ್ಳಮ್ಮ ಹಿಂದಕ್ಕೆ ಹೋದಳು. ಹಾಜಿರಾ ಬೀ ಒಂದು ಗೂಡನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದಳು.

"ಇದು ನಿಮ್ಮ ಮನೇದೇನಮ್ಮಾ? ರಕ್ತ ಇದೆ. ಹುಳ ಕಡೀತಾ ನಿನ್ನ?"

"ಉಳ ಕಡೀತದಾ? ನನ್ ಕೈದು ಕಣ್ ಬೂಬಮ್ಮ. ಇಸ್ಬು."

"ಹಾಗಾದ್ರೆ ಕೈ ಮನೇಲಿಟ್ಟು ಬರಬೇಕಿತ್ತು. ಕಲೆ ಬಿದ್ದ ಗೂಡು ನನ್ನ ನೂಲು ಕೆಡಿಸ್ತದೆ."

ಬೆಳ್ಳಮ್ಮ ಸಿಟ್ಟಾಗಲಿಲ್ಲ. ಅವಳ ಕಣ್ಣು ಆಗಲೇ ಹಾಜಿರಾ ಬೀಯ ಬೆರಳ ಮೇಲಿತ್ತು. ಇಡೀ ದಿನ ಕುದಿನೀರಿನಲ್ಲಿ ಅದ್ದುವ ಬೆರಳು, ಒಂದು ಬಿರುಕಿಲ್ಲ.

"ನಿನ್ ಕೈ ಯಾಕೆ ಒಡ್ದಿಲ್ಲ? ಏನ್ ಅಚ್ತೀಯೆ?"

"ಯಾಕೆ ಹೇಳಬೇಕು ನಿಂಗೆ?"

"ಏಳ್ದಿದ್ರೆ ಮುಂದಿನ್ ಬೆಳೇಲೂ ರಕ್ತದ್ ಗೂಡೇ ತತ್ತೀನಿ."

ಹಾಜಿರಾ ಬೀ ನಕ್ಕಳಂತೆ. ನಗು ಎಂದರೆ ಮೂಗಿನಿಂದ ಬಿಟ್ಟ ಗಾಳಿ. ಆಮೇಲೆ ಚರಕ ತಿರುಗಿಸುತ್ತಲೇ ಹೇಳಿದಳು. ಊಟ ಮುಗಿದು, ಕೊನೆಯ ಪಾತ್ರೆ ಕವುಚಿದ ಮೇಲೆ, ಉಗುರುಬೆಚ್ಚನೆಯ ನೀರಿನಲ್ಲಿ ಕೈಕಾಲು ನೆನೆಯಿಡಬೇಕು. ಬಿಸಿ ಹೆಚ್ಚಾದರೆ ನವೆ ಏಳುತ್ತದೆ. ಸತ್ತ ಚರ್ಮವನ್ನು ಇಟ್ಟಿಗೆ ಚೂರಿನಿಂದ ಹಗುರವಾಗಿ ಉಜ್ಜಿ ತೆಗೆಯಬೇಕು. ತೇವ ಆರುವ ಮೊದಲೇ, ಬೇವಿನೆಲೆ ಹಾಕಿ ಕಾಯಿಸಿದ ಹರಳೆಣ್ಣೆಗೆ ಜೇನುಮೇಣ ಕರಗಿಸಿ ಸೇರಿಸಿದ್ದನ್ನು ಹಚ್ಚಿ, ಹಳೆಯ ಬಟ್ಟೆಯ ಪಟ್ಟಿ ಸುತ್ತಬೇಕು.

"ಆಮೇಲೆ ಏನೂ ಮುಟ್ಟಬಾರದು. ಕಾಲು ಮೇಲಿಟ್ಟು ಮಲಗು. ಮಾತೂ ಬೇಡ."

"ಮಾತಿಗೂ ಇಸ್ಬಿಗೂ ಏನ್ ಬೂಬಮ್ಮ?"

"ನಿನ್ನ ಬಾಯಿ ನೋಡಿದ್ರೆ ಗೊತ್ತಾಗ್ತದೆ. ಮಾತಾಡಿದ್ರೆ ಸಿಟ್ಟು, ಸಿಟ್ಟು ಬಂದ್ರೆ ಕೆರೆತ. ಬೆಳಿಗ್ಗೆ ಎದ್ದು ಅಂಟುವಾಳದ ನೊರೆಯಲ್ಲಿ ಕೈ ತೊಳಿ. ಎಣ್ಣೆ ಕೈಯಲ್ಲಿ ಗೂಡು ಮುಟ್ಟಿದ್ರೆ ನನ್ನ ಬಾಗಿಲಿಗೆ ಬರಬೇಡ."

ಒಂದು ಉಂಡೆ ಜೇನುಮೇಣವನ್ನೂ ಕೊಟ್ಟಳು. ಕನಿಕರದಿಂದಲ್ಲ, ತನ್ನ ನೂಲಿನ ಮೇಲಿನ ಆಸೆಯಿಂದ. ಕೊಟ್ಟವಳಿಗೂ ಪಡೆದವಳಿಗೂ ಆ ವಿಷಯದಲ್ಲಿ ಗೊಂದಲವಿರಲಿಲ್ಲ.

ಅಂದಿನ ರಾತ್ರಿಯಿಂದಲೇ ಬೆಳ್ಳಮ್ಮ ಶುರುಮಾಡಿದಳು. ಎಲ್ಲರಿಗೂ ಬಡಿಸಿ, ತಾನು ಉಂಡು, ಒಲೆ ಬಳಿದ ಮೇಲೆ ಹಿತ್ತಲಿಗೆ ಹೋಗುತ್ತಿದ್ದಳು. ಸೀಮೆಎಣ್ಣೆಗೆ ಕಾರ್ಡು ಬಂದಿದ್ದ ಕಾಲ. ದೀಪ ಕೇಳುವಂತಿರಲಿಲ್ಲ, ನೀರೊಲೆಯ ಕೆಂಡದ ಬೆಳಕೇ ಸಾಕಾಗಿತ್ತು. ಅಗಲವಾದ ಮಣ್ಣಿನ ಬಾನಿಯಲ್ಲಿ ಕಾಲಿನ ಹರಡಿನವರೆಗೆ ನೀರು ತುಂಬಿಸಿ ಅದರಲ್ಲಿ ನಿಲ್ಲುತ್ತಿದ್ದಳು. ಹಿಮ್ಮಡಿ ಉಜ್ಜಿ, ಎಣ್ಣೆ ಹಚ್ಚಿ, ಪಟ್ಟಿ ಸುತ್ತಿ, ಗೋಣಿಚೀಲದ ಸುರುಳಿಯ ಮೇಲೆ ಕಾಲು ಚಾಚಿ ಚಾಪೆಯಲ್ಲಿ ಬೆನ್ನು ಹಾಕುತ್ತಿದ್ದಳು. ಕಣ್ಣು ಮುಚ್ಚುತ್ತಿದ್ದಳು. ಯಾರು ಏನೆಂದರೂ ಬಾಯಿ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಹೆಣ್ಣೊಬ್ಬಳು ನಿದ್ದೆಯಿಲ್ಲದೆ, ಜ್ವರವಿಲ್ಲದೆ, ಬಾಣಂತನವಿಲ್ಲದೆ ಸುಮ್ಮನೆ ಮಲಗಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಮೊದಲ ವಾರ ದೇವಿರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಎರಡನೆಯ ವಾರ ಬಾಯಿ ತೆರೆದಳು.

"ಕೊಕ್ಕರೆ ಊರಿಂದ ಎಣ್ಣು ತರಬ್ಯಾಡಿ ಅಂತ ಆವತ್ತೇ ಬಡ್ಕೊಂಡೆ. ನೋಡು, ನೀರಲ್ಲಿ ನಿಂತವ್ಳೆ. ಮೀನು ಇಡಿಯೋದೊಂದು ಬಾಕಿ."

ಬೆಳ್ಳಮ್ಮ ರಾತ್ರಿಯೆಲ್ಲ ಅದನ್ನು ದವಡೆಯಲ್ಲಿಟ್ಟುಕೊಂಡು, ಬೆಳಿಗ್ಗೆ ಕೊಟ್ಟಿಗೆ ಗುಡಿಸುವಾಗ ಹೊರಗೆ ಹಾಕಿದಳು.

"ಮೀನು ಅಂದ್ರಲ್ಲ ಅತ್ತೆ, ಈ ಮನೇಲಿ ಮೀನೆಲ್ಲಿ? ಬರೀ ಮುಳ್ಳೇ ಇರೋದು."

ಹೀಗೆ ರಾತ್ರಿ ಬೈಗುಳ, ಬೆಳಿಗ್ಗೆ ಜವಾಬು ಎಂಬ ಕ್ರಮ ಏರ್ಪಟ್ಟಿತು. ಬೇಲಿಯಾಚೆಯ ಚಿಕ್ಕಬೋರಮ್ಮನೂ ಸೇರಿಕೊಂಡಳು. ಬಾಯಿಗೆ ತಡೆಯಿಲ್ಲದ, ದೇವಿರಮ್ಮನ ಓರಗೆಯ ಹೆಂಗಸು. "ಯಾವ ರಾಜ ಬತ್ತಾನೆ ಅಂತ ಪಾದ ತಿಕ್ಕೊಂಡು ಕೂತಿದ್ದೀಯಮ್ಮಿ?" ಎಂದು ಒಂದು ರಾತ್ರಿ ಕೂಗಿದಳು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ, ಹತ್ತು ಹೆಂಗಸರ ನಡುವೆ, ಬೆಳ್ಳಮ್ಮ ಹೇಳಿದಳು: "ರಾಜ ನಿಮ್ಮನೇಗೆ ಬಂದಿದ್ದನಂತಲ್ಲ ಚಿಕ್ಕಬೋರಕ್ಕ. ನಿನ್ ಇಮ್ಮಡಿ ನೋಡಿ, ಕೆರೆ ಬಿರುಕು ಬುಟ್ಟದೆ, ಕಂದಾಯ ಮಾಫಿ ಅಂದ್ಬುಟ್ಟು ಓದ್ನಂತೆ." ಚಿಕ್ಕಬೋರಮ್ಮ ಅದನ್ನು ಸಾಯುವವರೆಗೆ ಮರೆಯಲಿಲ್ಲ.

ಆರು ತಿಂಗಳಲ್ಲಿ ಹಿಮ್ಮಡಿ ಕೂಡಿಕೊಂಡಿತು. ಅಂಗೈ ಮೆತ್ತಗಾಯಿತು. ನಿದ್ದೆ ಬರತೊಡಗಿತು. ಅಲ್ಲಿಗೆ ನಿಲ್ಲಿಸಿದ್ದರೆ ಜಾಣತನವಾಗುತ್ತಿತ್ತೇನೊ. ಬೆಳ್ಳಮ್ಮ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಒಡೆಯುತ್ತದೆ ಎನ್ನುತ್ತಿದ್ದಳು. ಅದು ನಿಜ. ಆ ಹೊತ್ತು ಅವಳಿಗೆ ರುಚಿಸಿತ್ತು ಎಂಬುದೂ ನಿಜ. ಸೀರೆಯ ನೆರಿಗೆಯನ್ನು ಒಂದು ಬೆರಳು ಎತ್ತರಕ್ಕೆ ಉಡಲು ಶುರುಮಾಡಿದ್ದನ್ನು ನಾನೂ ನೋಡಿದ್ದೇನೆ.

ನಲವತ್ತಮೂರರ ಆಷಾಢದಲ್ಲಿ ಆ ಮನೆಯ ಹುಳು ಪೂರ್ತಿ ಸತ್ತವು. ನಾಲ್ಕನೆಯ ಜ್ವರ ಎದ್ದು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ ಮೈ ಊದಿ, ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಹರಿದಾಡಿ, ಚರ್ಮ ಒಡೆದು ಹಾಲಿನಂಥ ನೀರು ಸುರಿಸಿ ಸತ್ತವು. ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಗೂಡು ಕಟ್ಟುವ ಮೊದಲು ಅಂಥವು ನಾಲ್ಕು ಬರುತ್ತವೆ. ತಿಪ್ಪೆಗೆ ಹುಳು ಸುರಿದು ಬಂದ ದೇವಿರಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಅಳಲಿಲ್ಲ. ಅವಳು ಅಳುವ ಪೈಕಿ ಅಲ್ಲ.

"ನನ್ ಎಲೆಚೀಲ ಮರದ್ ಮೇಲೆ ತೂಗ್ತಾ ಅದೆ," ಎಂದಳು, ಗಂಡನ ಕಡೆ ನೋಡಿ. "ಬಾಯಿ ಬಾಯಿ ಬಿಡ್ತಾ ಇಪ್ಪತ್ತು ದಿನ ಇದ್ದೀನಿ, ಉಳುಗೆ ನಾತ ಆಗ್ಬಾರದು ಅಂತ. ಇವಳು ದಿನಾ ರಾತ್ರಿ ಅರಳೆಣ್ಣೆ ಬಳ್ಕೊಂಡು ರಾಣಿ ಅಂಗೆ ಬಿದ್ಕತಳೆ. ಬೆಳಿಗ್ಗೆ ಅದೇ ಕೈಲಿ ಸೊಪ್ಪು ಆಕ್ತಳೆ. ಇನ್ನೇನ್ ಉಳ ಬದ್ಕತವಾ?"

"ತೊಳ್ಕೊಂಡೇ ಆಕೋದು," ಎಂದಳು ಬೆಳ್ಳಮ್ಮ.

"ನಾತ ತೊಳೆದ್ರೆ ಓದದಾ? ಇವಳ್ನ ಕಳ್ಸಿ. ಅಲಗೂರಿಂದ ನನ್ ತಮ್ಮನ ಮಗಳು ಮಂಗಳಮ್ಮನ್ನ ತಂದ್ಕೊಳ್ಳವ. ಆ ಮಗೀಗೆ ಕೈಯೂ ಸರ್ಯಾಗದೆ, ಬಾಯೂ ಸರ್ಯಾಗದೆ."

ಆಗಿನ ಕಾಲದಲ್ಲಿ ಇದು ಬರೀ ಬೆದರಿಕೆಯಲ್ಲ. ಒಬ್ಬಳಿರುವಾಗ ಇನ್ನೊಬ್ಬಳನ್ನು ತರಲು ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ. ಮಕ್ಕಳಿಲ್ಲದವಳನ್ನು, ಬೆಳೆ ಕೆಡಿಸಿದವಳನ್ನು ಗಾಡಿ ಹತ್ತಿಸಿ ತೌರಿಗೆ ಬಿಟ್ಟುಬಂದ ಮನೆಗಳು ಆ ಊರಿನಲ್ಲೇ ಎರಡಿದ್ದವು. ಬೆಳ್ಳಮ್ಮನಿಗೆ ಮಕ್ಕಳಿರಲಿಲ್ಲ. ತೌರಿನಲ್ಲಿ ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ಅಣ್ಣನ ಮನೆಯ ಮೂಲೆ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಅವಳು ಗಂಡನ ಮುಖ ನೋಡಿದಳು. ಪುಟ್ಟಮಾದಯ್ಯ ಎತ್ತಿನ ಕಡೆ ನೋಡಿದ.

ಮಾತಾಡಿದವನು ಮರಿಸಿದ್ದಯ್ಯ. "ಆ ಎಣ್ಣೆ ಬುಟ್ಟುಬುಡಮ್ಮ. ಇರು ಮನೇಲಿ."

ನ್ಯಾಯವಾದ ಮಾತು. ಸುಲಭವಾದ ದಾರಿ. ಬೆಳ್ಳಮ್ಮ ತನ್ನ ಅಂಗೈ ನೋಡಿಕೊಂಡಳು.

"ಬುಡಕ್ಕಿಲ್ಲ ಮಾವ. ಬುಟ್ರೆ ಮತ್ತೆ ರಕ್ತ ಬತ್ತದೆ, ಆ ಕೈಲಿ ನಿಮ್ಗೆ ಮುದ್ದೆ ಕಟ್ಟಿಕ್ಕೋಕೂ ಆಗಲ್ಲ. ಒಂದ್ ಕೆಲ್ಸ ಮಾಡಿ. ಮುಂದಿನ್ ಬೆಳೇಲಿ ಒಂದು ತಟ್ಟೆ ನನ್ಗೆ ಕೊಡಿ. ಎರಡನೇ ಜ್ವರ ಎದ್ದ ಮ್ಯಾಲೆ ಕೊಡಿ. ಅದನ್ನ ನಾನೊಬ್ಳೇ ಮುಟ್ತೀನಿ. ಮಿಕ್ಕಿದ್ದನ್ನ ನಾನು ಮುಟ್ಟಲ್ಲ. ದಿನಾ ಎಣ್ಣೆ ಅಚ್ತೀನಿ. ನನ್ ತಟ್ಟೆ ಸತ್ರೆ, ಗಾಡಿ ಕಟ್ಟೋದೂ ಬ್ಯಾಡ, ನಾನೇ ನಡ್ಕೊಂಡು ಓಯ್ತೀನಿ."

"ಬದುಕಿದ್ರೆ?" ಎಂದಳು ದೇವಿರಮ್ಮ.

"ಬದುಕಿದ್ರೆ ನನ್ ನೀರೊಲೆ ತಂಟೆಗೆ ಬರಕೂಡ್ದು ನೀವು."

ಮರಿಸಿದ್ದಯ್ಯ ಒಪ್ಪಿದ. ಅಂಥ ಪರೀಕ್ಷೆ ಕೇಳಬೇಕೆಂಬ ಬುದ್ಧಿ ಅವಳಿಗೆ ಯಾವ ಶಾಲೆಯಲ್ಲಿಯೂ ಬಂದದ್ದಲ್ಲ.

ಭಾದ್ರಪದದಲ್ಲಿ ಹೊಸ ಮೊಟ್ಟೆ ತಂದರು. ಎರಡನೆಯ ಜ್ವರ ಎದ್ದ ಮೇಲೆ ಮರಿಸಿದ್ದಯ್ಯನೇ ಒಂದು ತಟ್ಟೆ ಆರಿಸಿ ಕೊಟ್ಟ. ಬೆಳ್ಳಮ್ಮ ಅದನ್ನು ಪಡಸಾಲೆಯ ಬಾಗಿಲ ಬಳಿ, ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟುಕೊಂಡಳು. ಮಿಕ್ಕ ಹನ್ನೆರಡು ತಟ್ಟೆ ಅತ್ತೆಯ ಪಾಲಿಗೆ. ಇಬ್ಬರೂ ಒಂದೇ ತೋಟದ ಕಂಬಳಿ ಸೊಪ್ಪು, ಅಂದರೆ ಹಿಪ್ಪುನೇರಳೆ, ಕುಯ್ಯುತ್ತಿದ್ದರು, ಬೇರೆ ಬೇರೆ ಸಾಲಿನಲ್ಲಿ, ಬೆನ್ನಿಗೆ ಬೆನ್ನು ಹಾಕಿ. ಒಬ್ಬರ ಕುಡುಗೋಲನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ರಾತ್ರಿ ಬೆಳ್ಳಮ್ಮ ಬಾನಿಗೆ ನೀರು ತೋಡುವಾಗ ದೇವಿರಮ್ಮ ಕದವನ್ನು ಧಡಾರನೆ ಹಾಕುತ್ತಿದ್ದಳು. ಒಮ್ಮೆ ಎಣ್ಣೆಯ ಕುಡಿಕೆ ಒಡೆದಿತ್ತು. ಬೆಕ್ಕು ಎಂದರು. ಬೆಳ್ಳಮ್ಮ ಮಾರನೆಯ ದಿನ, "ಈ ಮನೆ ಬೆಕ್ಕು ಸೀರೆ ಉಡ್ತದೆ" ಎಂದು ಬಾವಿಕಟ್ಟೆಯಲ್ಲಿ ಸಾರಿದಳು. ಪುಟ್ಟಮಾದಯ್ಯ ಆ ಇಡೀ ತಿಂಗಳು ಕೊಟ್ಟಿಗೆಯಲ್ಲೇ ಮಲಗಿದ.

ಪ್ರತಿ ಬೆಳಿಗ್ಗೆ ಬೆಳ್ಳಮ್ಮ ಅಂಟುವಾಳದ ನೊರೆಯಲ್ಲಿ ಮೊಳಕೈವರೆಗೆ ತೊಳೆದುಕೊಂಡೇ ಸೊಪ್ಪು ಮುಟ್ಟುತ್ತಿದ್ದಳು. ಎಣ್ಣೆ ಹೋಗಬೇಕಲ್ಲ, ಅದಕ್ಕೆ. ಅತ್ತೆಯ ಕಣ್ಣು ತನ್ನ ಮೇಲಿದೆಯೆಂದು, ದಿನಕ್ಕೆ ಒಂದು ಸಲ ಇದ್ದದ್ದು ನಾಲ್ಕು ಸಲವಾಯಿತು. ಪ್ರತಿ ಮೇವಿಗೂ ಮುಂಚೆ ತೊಳೆಯುತ್ತಿದ್ದಳು. ದೇವಿರಮ್ಮ ತೊಳೆಯುತ್ತಿರಲಿಲ್ಲ. ಅವಳು ಕೊಳಕಿಯಲ್ಲ, ಆ ಊರಿನಲ್ಲಿ ಯಾರೂ ತೊಳೆಯುತ್ತಿರಲಿಲ್ಲ. ಸತ್ತ ಹುಳುವನ್ನು ಎರಡು ಬೆರಳಲ್ಲಿ ಹಿಡಿದು ಎಸೆದು, ಸೆರಗಿಗೆ ಒರೆಸಿ, ಅದೇ ಕೈಯಲ್ಲಿ ಮುಂದಿನ ತಟ್ಟೆಗೆ ಸೊಪ್ಪು ಹರಡುವುದು ವಾಡಿಕೆ. ವಾಸನೆಗೆ ಹೆದರುತ್ತಿದ್ದ ಜನ, ವಾಸನೆಯಿಲ್ಲದ್ದಕ್ಕೆ ಹೆದರುತ್ತಿರಲಿಲ್ಲ.

ನಾಲ್ಕನೆಯ ಜ್ವರ ಎದ್ದ ಮೂರನೆಯ ದಿನ ಅತ್ತೆಯ ತಟ್ಟೆಯೊಂದರಲ್ಲಿ ಹುಳು ಅಂಚಿಗೆ ಹರಿದವು. ಐದನೆಯ ದಿನಕ್ಕೆ ಹನ್ನೆರಡರಲ್ಲೂ ಹಾಲು. ರೇಷ್ಮೆ ಇಲಾಖೆಯವರೊಬ್ಬರು ಅದೇ ವಾರ ಊರಿಗೆ ಬಂದಿದ್ದರು. ಪಡಸಾಲೆಗೆ ಬಂದು ನೋಡಿ, ಇದು ಹಾಲು ರೋಗ, ಸತ್ತ ಹುಳು ಮುಟ್ಟಿದ ಕೈಯಿಂದ ಹರಡುತ್ತದೆ, ತೊಳೆಯದ ಕೈಯಲ್ಲಿ ಮೇವು ಹಾಕಬೇಡಿ ಎಂದು ಹೇಳಿ ಹೋದರು. "ಮೆಟ್ಟು ಮೆಟ್ಕೊಂಡು ಉಳದ್ ಮನೆ ಒಳಕ್ಕೆ ಬಂದೋನ ಮಾತು ಏನ್ ಕೇಳೋದು" ಎಂದಳು ದೇವಿರಮ್ಮ. ಊರಿನವರಿಗೂ ಹಾಗೇ ಅನ್ನಿಸಿತು.

ಬೆಳ್ಳಮ್ಮನ ತಟ್ಟೆಯ ಹುಳು ಮೈ ಹಳದಿಯಾಗಿ, ತಲೆಯೆತ್ತಿ, ಹಣ್ಣಾದವು. ಒಂದೊಂದನ್ನೇ ಆರಿಸಿ ಚಂದ್ರಿಕೆಯ ಬಿದಿರಿನ ಸುರುಳಿಗೆ ಬಿಟ್ಟಳು. ಮೂರು ದಿನದಲ್ಲಿ ಚಂದ್ರಿಕೆ ತುಂಬ ಗೂಡು. ಹನ್ನೆರಡು ತಟ್ಟೆಯದು ತಿಪ್ಪೆಗೆ ಹೋಯಿತು.

ಗೆದ್ದೆನೆಂದು ಅವಳು ತಿಳಿದಳು. ತನ್ನ ಚಂದ್ರಿಕೆಯನ್ನು ಎಲ್ಲರಿಗೂ ಕಾಣುವಂತೆ ಜಗಲಿಯ ಮೇಲೆ ಒರಗಿಸಿ ನಿಲ್ಲಿಸಿದಳು. ಅದು ಅವಳ ತಪ್ಪು. ಹನ್ನೆರಡು ತಟ್ಟೆ ಸತ್ತ ಮನೆಯ ಮುಂದೆ ಒಂದೇ ತಟ್ಟೆಯ ಗೂಡು ಬಿಸಿಲಿಗೆ ಹೊಳೆಯುತ್ತಿತ್ತು. ದಾರಿಹೋಕರು ನಿಂತರು. ಚಿಕ್ಕಬೋರಮ್ಮ ಬೇಲಿ ದಾಟಿ ಬಂದಳು.

"ಅನ್ನೆರಡರ ಉಸ್ರು ತಗ್ದು ಒಂದಕ್ಕೆ ತುಂಬವ್ಳೆ ಕಣ್ರಪ್ಪೋ! ದಿನಾ ರಾತ್ರಿ ಎಣ್ಣೆ, ಬೇವು, ಪಟ್ಟಿ ಸುತ್ಕೊಂಡು, ಬಾಯಿ ಕಟ್ಕೊಂಡು ಮಲಗ್ತಿದ್ಳು. ನಾನೇ ಕಣ್ಣಾರೆ ಕಂಡಿವ್ನಿ. ಮಾಟ ಅಲ್ದೆ ಇನ್ನೇನು?"

ಸಾಯಂಕಾಲಕ್ಕೆ ಊರಿನ ಯಜಮಾನ ಹೊನ್ನಯ್ಯ ಜಗಲಿಗೆ ಬಂದು ಕೂತ. ಅವನ ಹಿಂದೆ ಇಪ್ಪತ್ತು ಮೂವತ್ತು ಜನ. ಎಲ್ಲರ ಮನೆಯಲ್ಲೂ ಹುಳುವಿತ್ತು. ಹೊನ್ನಯ್ಯನ ಮನೆಯದು ಆಗಷ್ಟೇ ಮೊಟ್ಟೆ ಒಡೆದ ಚಾಕಿ. ಬೆಳ್ಳಮ್ಮನನ್ನು ಅಂಗಳದಲ್ಲಿ ನಿಲ್ಲಿಸಿದರು. ಪುಟ್ಟಮಾದಯ್ಯ ಜನರ ಹಿಂದೆ ನಿಂತಿದ್ದ.

"ಏನ್ ಮಾಡ್ದೆಯಮ್ಮ? ನಿಜ ಏಳು," ಎಂದ ಹೊನ್ನಯ್ಯ.

"ಕೈ ತೊಳ್ಕೊಂಡೆ."

"ಏನಂದೆ?"

"ಕೈ ತೊಳ್ಕೊಂಡೆ ಕಣಯ್ಯ. ನಾನು ದಿನಕ್ ನಾಲ್ಕ್ ಸಲ ತೊಳ್ದೆ, ಅವ್ರು ತೊಳೀಲಿಲ್ಲ. ಇಲಾಖೆಯೋರೂ ಅದ್ನೇ ಏಳುದ್ರಲ್ಲ."

ಜನ ನಕ್ಕರು. ಹೊನ್ನಯ್ಯ ಮೀಸೆ ಒರೆಸಿಕೊಂಡ. "ಕೈ ತೊಳೆದ್ರೆ ಉಳ ಬದ್ಕೋದಾದ್ರೆ, ದಿನವೆಲ್ಲ ಕೆರೇಲಿ ನಿಂತಿರೋ ಮಡಿವಾಳ್ರ ಮನೇಲಿ ಈ ಸೀಮೆಗೆಲ್ಲ ಆಗೋವಷ್ಟು ರೇಷ್ಮೆ ಇರ್ಬೇಕಿತ್ತು. ಸುಳ್ ಬ್ಯಾಡ."

"ಅಲ್ಲು ಕೀಳ್ಸಿ!" ಎಂದು ಹಿಂದಿನಿಂದ ಚಿಕ್ಕಬೋರಮ್ಮ ಕಿರುಚಿದಳು. ಮಾಟಗಾರರ ಮುಂದಿನ ಹಲ್ಲು ಕಿತ್ತರೆ ಮಂತ್ರ ಬಾಯಲ್ಲಿ ನಿಲ್ಲುವುದಿಲ್ಲ ಎಂಬುದು ಹಳೆಯ ಮಾತು. ಆ ಕಾಲಕ್ಕೆ ಅಂಥದ್ದು ನಡೆಯುತ್ತಿರಲಿಲ್ಲ. ಆದರೂ ಯಾರೂ ಚಿಕ್ಕಬೋರಮ್ಮನನ್ನು ಸುಮ್ಮನಿರು ಎನ್ನಲಿಲ್ಲ.

ದೇವಿರಮ್ಮ ಕಂಬದ ಬಳಿಯಿಂದ ಹೇಳಿದಳು: "ಅಲ್ಲೂ ಬ್ಯಾಡ, ಗಿಲ್ಲೂ ಬ್ಯಾಡ. ಊರು ದಾಟ್ಸಿ ಸಾಕು."

ಆ ಗಳಿಗೆಯಲ್ಲಿ ಏನು ನಡೆಯಿತೆಂದು ಬೆಳ್ಳಮ್ಮನೇ ನನಗೆ ಹೇಳಿದ್ದು ಹೀಗೆ: "ನಿಜ ಏಳ್ದೆ, ನಕ್ರು. ಸರಿ, ನಿಮ್ಗೆ ಬೇಕಾದ್ದನ್ನೇ ತಗಳ್ಳಿ ಅಂತ ಕೊಟ್ಟೆ."

ಅವಳು ಸೆರಗು ಸರಿಮಾಡಿಕೊಂಡಳು. "ಊ ಕಣಯ್ಯ," ಎಂದಳು. "ಮಾಟಾನೇ ಮಾಡ್ದೆ."

ನಗು ನಿಂತಿತು.

"ಏನ್ ಮಾಡ್ದೆ?"

"ಎಲ್ಲಾ ಗೊತ್ತಲ್ಲ ಚಿಕ್ಕಬೋರಕ್ಕಂಗೆ. ನೀರಲ್ಲಿ ನಿಂತ್ಕತೀನಿ, ಎಣ್ಣೆ ಅಚ್ತೀನಿ, ಕಾಲು ಮೇಲಿಟ್ಟು ಬಾಯಿ ಮುಚ್ಚಿ ಮಲಗ್ತೀನಿ. ಆ ವೊತ್ನಲ್ಲಿ ಯಾರು ನನ್ನ ಮಾತಾಡಿಸ್ತರೋ ಅವ್ರ ಮನೆ ಉಳ ಒಂದೂ ಉಳಿಯಕ್ಕಿಲ್ಲ. ನಮ್ಮತ್ತೆ ಮಾತಾಡ್ಸಿದ್ರು, ನೋಡಿ ಏನಾಯ್ತು. ಅಲ್ಲು ಕೀಳೋರು ಬನ್ನಿ. ಯಾರ್ ಕೈ ಇಡ್ತೀರಾ ನನ್ ಬಾಯೊಳಕ್ಕೆ? ನೀನು ಬತ್ತೀಯಾ ಚಿಕ್ಕಬೋರಕ್ಕ?"

ಚಿಕ್ಕಬೋರಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋದಳು.

"ಊರು ದಾಟ್ಸಿ ಅಂದ್ರಲ್ಲ ಅತ್ತೆ, ದಾಟ್ಸಿ. ಓಯ್ತೀನಿ. ಬೆಳ್ಳೂರ ದಾರಿ ಯಾವ್ ಕಡೆ? ಯಜಮಾನ್ರ ಕಂಬಳಿ ತೋಟದ ಬದೀಲೇ ಅಲ್ವಾ? ಆಮೇಲೆ ನಿಂಗಯ್ಯನೋರದು. ಆಮೇಲೆ ಚಿಕ್ಕಬೋರಕ್ಕಂದು. ಎಡಕ್ಕೊಂದ್ಸಲ ನೋಡ್ಕೊಂಡು, ಬಲಕ್ಕೊಂದ್ಸಲ ನೋಡ್ಕೊಂಡು, ನಿಧಾನಕ್ಕೆ ಓಯ್ತೀನಿ. ನನ್ ಕಾಲೀಗ ಒಡೆದಿಲ್ಲ, ಎಷ್ಟ್ ದೂರಾನಾದ್ರೂ ನಡೀತೀನಿ."

ಹೊನ್ನಯ್ಯ ನೆಲ ನೋಡಿದ. ಹಿಂದಿನ ದಿನವಷ್ಟೇ ಒಡೆದ ಚಾಕಿ ಹುಳು ಅವನ ಕಣ್ಣ ಮುಂದೆ ಹರಿದಾಡಿರಬೇಕು. ಆಮೇಲೆ ಟವೆಲು ಕೊಡವಿ ಎದ್ದ.

"ಇದು ಮನೆ ಒಳಗಿನ ಇಸ್ಯ ಕಣ್ ಮರಿಸಿದ್ದಯ್ಯ. ಊರೋರು ಬಾಯಿ ಆಕೋದಲ್ಲ. ಎಣ್ಣು ಎಲ್ಲದೋ ಅಲ್ಲೇ ಇರ್ಲಿ. ಒರಗೆ ಮಾತ್ರ ಕಳಿಸ್ಬ್ಯಾಡ."

"ತೌರಿಗೂ ಕಳಿಸ್ಬ್ಯಾಡ," ಎಂದ ಹಿಂದಿನಿಂದ ನಿಂಗಯ್ಯ.

ಹೀಗೆ ಅವಳನ್ನು ಓಡಿಸಲು ಬಂದ ಊರು, ಓಡಿಸಬಾರದೆಂದು ಕಟ್ಟುಮಾಡಿ ಹೋಯಿತು. ಇದನ್ನು ಜಾಣತನ ಎನ್ನುವವರಿದ್ದಾರೆ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅವಳು ಸುಳ್ಳು ಹೇಳಿದಳು, ಅದರಲ್ಲೂ ಆ ಊರಿನಲ್ಲಿ ಹಲವು ಹೆಂಗಸರ ಬದುಕು ಕೆಡಿಸಿದ ಸುಳ್ಳನ್ನೇ ಹೇಳಿದಳು. ಹನ್ನೆರಡು ತಟ್ಟೆಯನ್ನು ಕೊಂದದ್ದು ತೊಳೆಯದ ಕೈ ಎಂದು ಆ ಊರು ಕಲಿಯಲು ಇನ್ನೂ ಹಲವು ವರ್ಷ ಬೇಕಾಯಿತು. ಅಷ್ಟು ವರ್ಷ ಹಾಲು ರೋಗ ಬಂದಾಗಲೆಲ್ಲ ಜನ ಬೆಳ್ಳಮ್ಮನ ನೀರೊಲೆಯ ಕಡೆ ನೋಡಿದರು, ತಮ್ಮ ಕೈ ನೋಡಿಕೊಳ್ಳಲಿಲ್ಲ. ಅದರಲ್ಲಿ ಅವಳ ಪಾಲೂ ಇದೆ. ಅವಳಿಗೆ ಇದನ್ನು ನಾನು ಮುಖದ ಮೇಲೆ ಹೇಳಿದ್ದೇನೆ. "ನೀವು ಅಲ್ಲಿ ನಿಂತಿದ್ರೆ ಇಂಗ್ಲೀಸಲ್ಲಿ ಏಳ್ತಿದ್ರಿ, ಆಗ್ಲೂ ನಗ್ತಿದ್ರು" ಎಂದಳು.

ಬೆಲೆಯನ್ನೂ ತೆತ್ತಳು. ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೂ ಅವಳನ್ನು ಕರೆಯುತ್ತಿರಲಿಲ್ಲ. ನಲವತ್ತೈದರಲ್ಲಿ ಅವಳಿಗೊಂದು ಹೆಣ್ಣು ಹುಟ್ಟಿದಾಗ ಹೊಕ್ಕುಳಬಳ್ಳಿ ಕುಯ್ಯಲು ಯಾರೂ ಬರಲಿಲ್ಲ, ತಾನೇ ಕುಯ್ದುಕೊಂಡಳು. ಪುಟ್ಟಮಾದಯ್ಯ ಕೊಟ್ಟಿಗೆಯಿಂದ ಒಳಗೆ ಬಂದಿದ್ದ, ಆದರೆ ಅವಳು ಬಡಿಸಿದ ತಟ್ಟೆಯನ್ನು ಒಂದು ಗಳಿಗೆ ನೋಡದೆ ಉಣ್ಣುತ್ತಿರಲಿಲ್ಲ. ಎರಡನೆಯ ಹೆಂಡತಿಯ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಮಂಗಳಮ್ಮನನ್ನು ಅವರಪ್ಪ ಬೇರೆ ಕಡೆ ಕೊಟ್ಟ. ಮರಿಸಿದ್ದಯ್ಯ ಯಾರ ಅಪ್ಪಣೆಯನ್ನೂ ಕೇಳದೆ ಹದಿಮೂರು ತಟ್ಟೆಯನ್ನೂ ಸೊಸೆಗೆ ಒಪ್ಪಿಸಿದ. ಆಮೇಲೆ ಆ ಮನೆಯ ಬೆಳೆ ಹಾಲು ರೋಗಕ್ಕೆ ಹೋಗಲಿಲ್ಲ.

ಕತ್ತಲಾದ ಮೇಲೆ ಬೇಲಿಯ ಸಂದಿಯಲ್ಲಿ ಬರುವ ಹೆಂಗಸರೂ ಇದ್ದರು. ಓರಗಿತ್ತಿಯ ಬಾಯಿ ಕಟ್ಟಿಸಬೇಕೆಂದು ಅಂಕಮ್ಮ ಎಂಬುವಳು ಬಂದಳು. ಬೆಳ್ಳಮ್ಮ ಅವಳ ಕಾಲು ನೋಡಿ, "ಮೊದ್ಲು ಈ ನೇಗಿಲ ಗುಳವನ್ನ ನೀರಲ್ಲಿ ನೆನಿಯಾಕು" ಎಂದು ಗದರಿ, ಎಣ್ಣೆ, ಪಟ್ಟಿ, ಗೋಣಿಚೀಲ, ಮೌನ, ಎಲ್ಲವನ್ನೂ ಹೇಳಿ, ನಲವತ್ತೆಂಟು ದಿನ ಮಾಡು, ನಡುವೆ ಓರಗಿತ್ತಿ ಏನೆಂದರೂ ಜವಾಬು ಕೊಡಬೇಡ ಎಂದಳು. ಓರಗಿತ್ತಿ ಬೈದು ಬೈದು ಬೇಸತ್ತು ಬಿಟ್ಟಳಂತೆ. ಅದಾದ ಮೇಲೆ ಇನ್ನೂ ಏಳೆಂಟು ಮನೆಗಳ ಹಿತ್ತಲಲ್ಲಿ, ಊಟವಾದ ಮೇಲೆ, ಹೆಂಗಸರು ಬಾನಿಯಲ್ಲಿ ಕಾಲಿಟ್ಟುಕೊಂಡು ಸುಮ್ಮನೆ ಕೂರತೊಡಗಿದರು. ಅವರು ಅದನ್ನು ಮಾಟವೆಂದೇ ತಿಳಿದಿದ್ದರು. ಗಂಡಂದಿರೂ ಹಾಗೇ ತಿಳಿದಿದ್ದರಿಂದ ಯಾರೂ ಎಬ್ಬಿಸಲಿಲ್ಲ.

ನಲವತ್ತೇಳರ ಶ್ರಾವಣದಲ್ಲಿ ನಾನು ಒಂದು ರಾತ್ರಿ ಆ ಮನೆಯಲ್ಲಿ ಉಳಿಯಬೇಕಾಯಿತು. ಹಲಗೂರಿನಿಂದ ಬರುವಾಗ ಬಸ್ಸು ಕೆಟ್ಟಿತ್ತು. ಊಟವಾಯಿತು. ಬೆಳ್ಳಮ್ಮ ಹಿತ್ತಲಿಗೆ ಹೋದಳು. ದೇವಿರಮ್ಮನಿಗೆ ಆಗ ಸೊಂಟ ಬಿದ್ದಿತ್ತು, ಗೋಡೆ ಹಿಡಿದು ಬಾಗಿಲವರೆಗೆ ಬಂದು ನಿಂತಳು. ಸೊಸೆಯ ಕಡೆ ತಿರುಗಲಿಲ್ಲ. ಪಡಸಾಲೆಯಲ್ಲಿ ಮೂರನೆಯ ಜ್ವರ ಎದ್ದ ಹುಳುವಿತ್ತು, ಆ ಹೊತ್ತಿನಲ್ಲಿ ಸೊಸೆಯನ್ನು ಮಾತಾಡಿಸುವಂತಿರಲಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸುವಿಗೆ ಹೇಳಿದಳು.

"ಲೇ ಕೆಂದಿ, ಆ ನಿನ್ ಒಡತಿ ಪೂಜೆ ಇನ್ನೂ ಮುಗಿದಿಲ್ವೇನೆ? ಮನೇಲಿ ನೆಂಟ್ರು ಅವ್ರೆ. ಆಸ್ಗೆ ಆಸೋರು ಯಾರು, ನೀನಾ?"

ಬಾನಿಯ ಕಡೆಯಿಂದ, ಅದೂ ಹಸುವಿಗೇ, ಉತ್ತರ ಬಂತು.

"ಇನ್ನೂ ಎಡಗಾಲದೆ ಅಂತ ಏಳೇ ಕೆಂದಿ."